ಒಂದು ಗೋಲಿನ ಸೋಲು ‘ಡ್ರಬ್ಬಿಂಗ್’ ಆಗುತ್ತಾ?

ಪ್ರಶ್ನೆ: ನಮಸ್ಕಾರ ಮೇಡಂ, ನಮ್ಮದು ನಾಪೋಕ್ಲು. ಕೌಟುಂಬಿಕ ಹಾಕಿಯಲ್ಲಿ ನಮ್ಮ ಒಕ್ಕದ (ಮನೆತನದ) ತಂಡ 1–2ರಿಂದ ಸೋತಿತು. ಮಗಳು ಅದರ ಬಗ್ಗೆ ಇಂಗ್ಲಿಷಿನಲ್ಲಿ ಬರೆಯುವಾಗ ‘ಡ್ರಬ್ಬಿಂಗ್’ ಅಂತ ಹಾಕಿದ್ದಾಳೆ. ಇದು ಸರಿನಾ? ಉಜ್ಜುವುದಕ್ಕೆ ‘ರಬ್’ ಅಂತಾರಲ್ವಾ, ಅದರಿಂದ ಬಂದದ್ದಾ?

ಉತ್ತರ: ಸರಿಯಲ್ಲ. ಒಂದು ಗೋಲಿನ ಸೋಲನ್ನು ಹಾಗೆ ಕರೆದರೆ ಬೆವರು ಸುರಿಸಿ ಆಡಿದವರಿಗೆ ಅನ್ಯಾಯ. ಡ್ರಬ್ಬಿಂಗ್ ಅಂದರೆ ಎದುರಾಳಿಗೆ ಸಾಟಿಯೇ ಆಗದೆ ಭಾರಿ ಅಂತರದಿಂದ ಸೋಲುವುದು. 1982ರ ದೆಹಲಿ ಏಷ್ಯನ್ ಗೇಮ್ಸ್ ಹಾಕಿ ಫೈನಲ್‌ನಲ್ಲಿ ಪಾಕಿಸ್ತಾನ ನಮ್ಮನ್ನು 7–1ರಿಂದ ಸೋಲಿಸಿತ್ತಲ್ಲ, ಅದು ಡ್ರಬ್ಬಿಂಗ್. 1973ರ ವಿಶ್ವಕಪ್ ಫೈನಲ್ ಹಾಗಲ್ಲ. ನಮ್ಮ ಎಂ.ಪಿ. ಗಣೇಶ್ ನಾಯಕತ್ವದ ತಂಡ ನೆದರ್ಲೆಂಡ್ಸ್ ಜೊತೆ 2–2 ಸಮ ಮಾಡಿಕೊಂಡು, ಕೊನೆಗೆ ಪೆನಾಲ್ಟಿ ಸ್ಟ್ರೋಕ್‌ನಲ್ಲಿ ಸೋತಿತು. ಅದಕ್ಕೆ ಈ ಪದ ಬಳಸಿದರೆ ನನಗಂತೂ ಸಿಟ್ಟು ಬರುತ್ತದೆ.

‘ರಬ್’ಗೂ ಇದಕ್ಕೂ ಸಂಬಂಧ ಇಲ್ಲ.

ಪದದ ಹುಟ್ಟು ಮಾತ್ರ ತುಂಬಾ ಸ್ವಾರಸ್ಯ. ‘ಡ್ರಬ್’ ಇಂಗ್ಲಿಷಿನಲ್ಲಿ ಕಾಣಿಸಿಕೊಂಡಿದ್ದು 17ನೇ ಶತಮಾನದಲ್ಲಿ, ಅದೂ ಪೂರ್ವ ದೇಶಗಳನ್ನು ಸುತ್ತಿ ಬಂದವರ ಬರಹಗಳಲ್ಲಿ. ಪರ್ಷಿಯಾ ನೋಡಿ ಬಂದ ಥಾಮಸ್ ಹರ್ಬರ್ಟ್ ಎಂಬಾತನ ಪ್ರವಾಸ ಕಥನ 1634ರಲ್ಲಿ ಅಚ್ಚಾಯಿತು, ಪದ ಅದರಲ್ಲೇ ಇದೆ. ಆಗ ಅದಕ್ಕೆ ಆಟದ ನಂಟು ಇರಲಿಲ್ಲ. ತಪ್ಪು ಮಾಡಿದವರ ಅಂಗಾಲಿಗೆ ಕೋಲಿನಿಂದ ಹೊಡೆಯುವ ಶಿಕ್ಷೆಗೆ ಆ ಹೆಸರು. ಅರಬಿಯಲ್ಲಿ ‘ದರ್ಬ್’ ಅಂದರೆ ಹೊಡೆತ, ಅಲ್ಲಿಂದಲೇ ಬಂದಿರಬೇಕು ಅಂತ ನಿಘಂಟು ಮಾಡಿದವರು ಊಹಿಸುತ್ತಾರೆ. ಇದು ಊಹೆಯೇ, ಆದರೆ ಹಳೆಯ ಬಳಕೆಗಳೆಲ್ಲ ಅದೇ ಕಡೆಯಿಂದ ಬಂದಿರುವುದರಿಂದ ನಾನೂ ಒಪ್ಪುತ್ತೇನೆ.

ಆ ಅರಬಿ ಪದ ಪರ್ಷಿಯನ್ ಬಾಯಲ್ಲಿ ‘ಜರ್ಬ್’ ಆಗಿ ನಮ್ಮ ಕಡೆಗೂ ಬಂದಿತ್ತು. ನಾಣ್ಯವನ್ನು ಅಚ್ಚು ಹೊಡೆದು ಮಾಡುತ್ತಿದ್ದರಲ್ವಾ, ಹಾಗಾಗಿ ಮೊಘಲರ ನಾಣ್ಯಗಳಲ್ಲಿ ಟಂಕಸಾಲೆಯ ಊರಿನ ಹೆಸರಿನ ಜೊತೆ ‘ಜರ್ಬ್’ ಇರುತ್ತದೆ. ಟಿಪ್ಪು ಕಾಲದ ಶ್ರೀರಂಗಪಟ್ಟಣದ ನಾಣ್ಯಗಳಲ್ಲೂ ಇದೆ.

ಹೊಡೆತದ ಪದ ಸೋಲಿನ ಪದ ಆಗುವುದು ಇಂಗ್ಲಿಷಿನಲ್ಲಿ ಮಾಮೂಲು. ‘ಥ್ರ್ಯಾಶ್’ ಕೂಡ ಮೂಲದಲ್ಲಿ ಕಣದಲ್ಲಿ ತೆನೆ ಬಡಿದು ಕಾಳು ಬಿಡಿಸುವ ಕೆಲಸದ ಪದ, ಸುಗ್ಗಿಯಲ್ಲಿ ಬತ್ತ ಬಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕನ್ನಡದಲ್ಲೂ ಅಷ್ಟೇ, ‘ಸದೆಬಡಿ’, ‘ಬಗ್ಗುಬಡಿ’ ಎರಡರಲ್ಲೂ ‘ಬಡಿ’ ಕೂತಿದೆ.

ಮಗಳ ಬರಹಕ್ಕೆ ‘ನ್ಯಾರೋ ಡಿಫೀಟ್’ ಸಾಕು. ಮುಂದಿನ ಸಲ ನಿಮ್ಮ ತಂಡ ಆರೇಳು ಗೋಲು ಹೊಡೆದು ಗೆದ್ದರೆ, ಎದುರು ತಂಡಕ್ಕೆ ಡ್ರಬ್ಬಿಂಗ್ ಆಯಿತು ಅಂತ ಅವಳು ಧೈರ್ಯವಾಗಿ ಬರೆಯಲಿ.