ಕತ್ತಿ ಹಿರಿಯುವ ಮೊದಲೇ ಶುರುವಾಗುವ ಕಾದಾಟ

ಓದುಗರ ಪತ್ರ: ಸಂಪಾದಕರೇ, ನಾನು ದಾವಣಗೆರೆಯಲ್ಲಿ ಇಂಜಿನಿಯರಿಂಗ್ ಓದುತ್ತಿದ್ದೇನೆ. ‘ದಿ ವಿಚರ್ 4’ ವಿಡಿಯೋ ಗೇಮ್ ಬರುತ್ತದೆ ಎಂದು ಗೊತ್ತಾದಾಗಿನಿಂದ ನಮ್ಮ ಹಾಸ್ಟೆಲ್‌ನಲ್ಲಿ ದಿನಾ ಅದೇ ಮಾತು. ಮೂರನೇ ಭಾಗದ ಕಥೆ ನನಗೆ ತುಂಬಾ ಇಷ್ಟ. ಆದರೆ ಕಾದಾಟ ಬೇಸರ ತರಿಸಿತು. ಕ್ವೆನ್ ಎಂಬ ರಕ್ಷೆಯ ಮಂತ್ರ ಹಾಕು, ಹೊಡೆ, ಉರುಳು, ಮತ್ತೆ ಹೊಡೆ. ಎದುರಿಗೆ ಯಾರೇ ಬರಲಿ, ಅಷ್ಟೇ. ಒಬ್ಬ ಗೆಳೆಯ ‘ಎಲ್ಡನ್ ರಿಂಗ್’ ಥರ ಇರಬೇಕು ಅನ್ನುತ್ತಾನೆ. ಇನ್ನೊಬ್ಬ ‘ಬಾಲ್ಡರ್ಸ್ ಗೇಟ್ 3’ ಥರ ಸರದಿ ಪ್ರಕಾರ ಆಡುವಂತಿರಬೇಕು ಅನ್ನುತ್ತಾನೆ. ನೀವೇನು ಹೇಳುತ್ತೀರಿ? ಈಗಿಂದಲೇ ಹೊಸ ಗ್ರಾಫಿಕ್ಸ್ ಕಾರ್ಡಿಗೆ ದುಡ್ಡು ಕೂಡಿಡಲೇ?

ಸಂಪಾದಕರ ಉತ್ತರ:

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮೊದಲ ಸಲ ತಕರಾರು ಮಾಡಬೇಕು ಅನ್ನಿಸಿತು. ಎರಡನೇ ಸಲ ಓದಿದಾಗ ನೀವು ಹೇಳಿದ್ದರಲ್ಲಿ ಮುಕ್ಕಾಲು ಪಾಲು ನಿಜ ಅನ್ನಿಸಿತು. ಉಳಿದ ಕಾಲು ಪಾಲಿಗಾಗಿ ಇಷ್ಟುದ್ದ ಬರೆಯುತ್ತಿದ್ದೇನೆ.

ನೀವು ಮೂರನೇ ಭಾಗವನ್ನು ಯಾವ ಕಷ್ಟದ ಮಟ್ಟದಲ್ಲಿ ಆಡಿದಿರಿ? ಪತ್ರದಲ್ಲಿ ಹೇಳಿಲ್ಲ. ನಾನು 2015ರಲ್ಲಿ ಮೊದಲ ಸಲ ಆಡಿದ್ದು ಸುಲಭದ ಮಟ್ಟದಲ್ಲಿ. ಕಥೆ ಮುಂದೆ ಹೋದರೆ ಸಾಕಿತ್ತು. ಕತ್ತಿಗೆ ಹಚ್ಚುವ ಎಣ್ಣೆಗಳು ಚೀಲದಲ್ಲಿ ಸುಮ್ನೆ ಬಿದ್ದಿದ್ದವು. ದೆವ್ವ, ಪೀಡೆಗಳ ಬಗ್ಗೆ ವಿವರ ಬರೆದಿಟ್ಟ ಪುಟಗಳನ್ನು ತೆರೆದೇ ಇರಲಿಲ್ಲ. ಎರಡನೇ ಸಲ ‘ಡೆತ್ ಮಾರ್ಚ್’ ಎಂಬ ಅತಿ ಕಷ್ಟದ ಮಟ್ಟ ಆರಿಸಿಕೊಂಡೆ. ಅಲ್ಲಿ ಧ್ಯಾನಕ್ಕೆ ಕೂತರೂ ಗಾಯ ವಾಸಿಯಾಗುವುದಿಲ್ಲ. ನಾಲ್ಕು ನಾಯಿಗಳು ಸುತ್ತುವರಿದರೂ ಸಾವು. ಈ ಗೇಮ್ ನನ್ನಿಂದ ಏನು ಕೇಳುತ್ತಿದೆ ಅಂತ ಅರ್ಥವಾಗಿದ್ದು ಆಗಲೇ.

ವೈಟ್ ಆರ್ಚರ್ಡ್‌ನ ಹತ್ತಿರದ ಪಾಳು ಹಳ್ಳಿಯ ಬಾವಿ ನೆನಪಿದೆಯಾ? ಗೇಮ್‌ನ ಮೊದಲ ಕೆಲವು ಗಂಟೆಗಳಲ್ಲೇ ಸಿಗುವ ಕೆಲಸ ಅದು. ಒಬ್ಬ ರೈತನ ಮಗಳಿಗೆ ಹುಷಾರಿಲ್ಲ, ಬಾವಿಯ ಒಳ್ಳೆಯ ನೀರು ಬೇಕು. ಆದರೆ ಬಾವಿ ಹತ್ತಿರ ಒಂದು ದೆವ್ವ. ನಡುಮಧ್ಯಾಹ್ನದ ದೆವ್ವ. ಪೋಲೆಂಡ್ ಕಡೆಯ ಜನಪದ ನಂಬಿಕೆಯಲ್ಲಿ ಇವಳು ನಿಜವಾಗಿಯೂ ಇದ್ದಾಳೆ. ಬಿಸಿಲು ನೆತ್ತಿಗೇರಿದ ಹೊತ್ತಿನಲ್ಲಿ ಹೊಲದಲ್ಲಿ ಇರುವವರನ್ನು ಹಿಡಿಯುವವಳು. ಮಟಮಟ ಮಧ್ಯಾಹ್ನ ಬಾವಿ ಕಡೆ ಹೋಗಬೇಡ ಅಂತ ನನ್ನ ಅಜ್ಜಿಯೂ ಬೈಯುತ್ತಿದ್ದರು. ಹಾಗಾಗಿ ಆ ದೃಶ್ಯದಲ್ಲಿ ನನಗೆ ನಿಜಕ್ಕೂ ಭಯವಾಗಿತ್ತು.

ಮೊದಲ ಸಲ ಹೋಗಿ ಕತ್ತಿ ಬೀಸಿದೆ. ಗಾಳಿಗೆ ಹೊಡೆದ ಹಾಗೆ. ಅವಳ ಮೈಗೆ ಏಟು ಸರಿಯಾಗಿ ತಾಗುವುದೇ ಇಲ್ಲ. ಯರ್ಡೆನ್ ಮಂತ್ರದ ವೃತ್ತ ಹಾಕಿದರೆ, ಅದರೊಳಗೆ ಕಾಲಿಟ್ಟಾಗ ಅವಳಿಗೆ ಮೈ ಬರುತ್ತದೆ. ಆಗ ಹೊಡೆಯಬೇಕು. ಬೆಳ್ಳಿ ಕತ್ತಿಗೆ ದೆವ್ವಗಳಿಗೆಂದೇ ಇರುವ ಎಣ್ಣೆ ಹಚ್ಚಿದ್ದರೆ ಏಟು ಇನ್ನೂ ಆಳ. ಅದಕ್ಕೂ ಮೊದಲು ಬಾವಿಗೆ ಇಳಿದು, ಅವಳ ಬಳೆ ಹುಡುಕಿ, ಮೂಳೆಗಳ ಜೊತೆ ಸುಡಬೇಕು. ಅವಳು ಯಾರು, ಯಾಕೆ ಸತ್ತಳು ಅಂತ ಗೊತ್ತಾಗದೆ ಇದ್ಯಾವುದೂ ಆಗುವುದಿಲ್ಲ. ಅಂದರೆ ಆ ಹೆಂಗಸಿನ ಕಥೆಯೇ ಆಯುಧ. ಇಂಥ ಕಾದಾಟವನ್ನು ನಾನು ಬೇರೆ ಗೇಮ್‌ಗಳಲ್ಲಿ ಜಾಸ್ತಿ ನೋಡಿಲ್ಲ.

ನನ್ನ ಕಾಲು ಪಾಲಿನ ವಾದ ಇದು. ವಿಚರ್ ಅಂದರೆ ದೆವ್ವ, ಪೀಡೆಗಳನ್ನು ಕೊಲ್ಲಲು ಕೂಲಿಗೆ ಬರುವ ಕೆಲಸಗಾರ. ಊರಲ್ಲಿ ವಿಚಾರಿಸುತ್ತಾನೆ, ಹೆಜ್ಜೆಗುರುತು ನೋಡುತ್ತಾನೆ, ಮದ್ದು ಕುದಿಸುತ್ತಾನೆ, ಆಮೇಲೆ ಕತ್ತಿ ಹಿರಿಯುತ್ತಾನೆ. ಯುದ್ಧಕಾಲೇ ಶಸ್ತ್ರಾಭ್ಯಾಸ ಅನ್ನುತ್ತಾರಲ್ಲ, ಅದನ್ನು ಮಾಡದವನೇ ವಿಚರ್.

ಈಗ ನಿಮ್ಮ ಮುಕ್ಕಾಲು ಪಾಲಿಗೆ ಬರುತ್ತೇನೆ. ಬಾವಿಯಲ್ಲಿ ಕಲಿಸಿದ ಪಾಠವನ್ನು ಗೇಮ್ ತಾನೇ ಮರೆಯುತ್ತದೆ. ಮದ್ದನ್ನು ಒಂದೇ ಸಲ ತಯಾರಿಸಿದರೆ ಸಾಕು. ಆಮೇಲೆ ಚೀಲದಲ್ಲಿ ಒಂದು ಬಾಟಲಿ ಗಟ್ಟಿ ಮದ್ಯ ಇಟ್ಟುಕೊಂಡು ಧ್ಯಾನಕ್ಕೆ ಕೂತರೆ ಎಲ್ಲವೂ ತಾನಾಗಿಯೇ ತುಂಬಿಕೊಳ್ಳುತ್ತದೆ. ಕ್ವೆನ್ ರಕ್ಷೆ ಎಲ್ಲಾ ಏಟಿಗೂ ಒಂದೇ ಉತ್ತರವಾಗಿಬಿಡುತ್ತದೆ. ನಿಮ್ಮನ್ನು ಹಾಗೆ ಆಡಲು ಬಿಟ್ಟಿದ್ದು ಗೇಮ್. ತಪ್ಪು ನಿಮ್ಮದಲ್ಲ.

2011ರ ಎರಡನೇ ಭಾಗ ಇದರ ತದ್ವಿರುದ್ಧ. ಅಲ್ಲಿ ಮದ್ದು ಕುಡಿಯಲು ಮೊದಲೇ ಧ್ಯಾನಕ್ಕೆ ಕೂರಬೇಕಿತ್ತು, ಕಾದಾಟದ ನಡುವೆ ಕುಡಿಯುವ ಹಾಗಿರಲಿಲ್ಲ. ಕೇಳಲು ಚೆನ್ನಾಗಿದೆ. ಆದರೆ ಮುಂದಿನ ತಿರುವಿನಲ್ಲಿ ಏನಿದೆ ಅಂತ ಆಡುವವರಿಗೆ ಹೇಗೆ ಗೊತ್ತಾಗಬೇಕು? ತಯಾರಿ ಮಾಡು ಅಂದರು, ಯಾವುದಕ್ಕೆ ಅಂತ ಹೇಳಲಿಲ್ಲ. ಮೂರನೇ ಭಾಗದಲ್ಲಿ ಆ ಬಿಗಿಯನ್ನು ಸಡಿಲ ಮಾಡಲು ಹೋಗಿ ಪೂರ್ತಿ ಬಿಚ್ಚಿಬಿಟ್ಟರು.

ಇನ್ನೊಂದು ತೊಂದರೆ ಇದೆ. ನೀವು ಅದನ್ನು ಹೆಸರಿಸಿಲ್ಲ, ಆದರೆ ನಿಮ್ಮ ಬೇಸರದ ಬೇರು ಅಲ್ಲೂ ಇದೆ ಅನ್ನಿಸುತ್ತದೆ. ಮೂರನೇ ಭಾಗದ ನಾಯಕ ಗೆರಾಲ್ಟ್‌ನ ಏಟು ಎದುರಾಳಿ ಎಷ್ಟು ದೂರ ಇದ್ದಾನೆ ಅನ್ನುವುದರ ಮೇಲೆ ಬದಲಾಗುತ್ತದೆ. ಅದೇ ಬಟನ್ ಒತ್ತಿದರೂ ಹತ್ತಿರ ಇದ್ದರೆ ಚಿಕ್ಕ ಏಟು, ದೂರ ಇದ್ದರೆ ಗಿರಗಿರ ಸುತ್ತಿ ಹಾರಿ ಬರುವ ಉದ್ದನೆಯ ಏಟು. ನೋಡಲು ಚೆಂದ. ಆದರೆ ಮುಂದಿನ ಹೆಜ್ಜೆ ಯಾವುದು ಅಂತ ನಮ್ಮ ಕೈಗೆ ಗೊತ್ತಿರುವುದಿಲ್ಲ. ಕಬಡ್ಡಿ ಆಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ರೈಡ್ ಹೋದವನಿಗೆ ತನ್ನ ಕಾಲು ಎಲ್ಲಿಗೆ ಮುಟ್ಟುತ್ತದೆ ಅನ್ನುವ ಲೆಕ್ಕ ಮೈಯಲ್ಲೇ ಇರುತ್ತದೆ. ಒಂದು ಹೆಜ್ಜೆ ಇಡಲು ಹೋದರೆ ಕಾಲು ಮೂರು ಹೆಜ್ಜೆ ಇಟ್ಟರೆ ಅವನು ಆಡುವುದು ಹೇಗೆ? ಬಿಡುಗಡೆಯಾದ ಕೆಲವೇ ವಾರಗಳಲ್ಲಿ ನಡಿಗೆಯನ್ನು ಚುರುಕು ಮಾಡುವ ಬೇರೊಂದು ಆಯ್ಕೆ ಕೊಟ್ಟರು. 2022ರ ಡಿಸೆಂಬರ್‌ನಲ್ಲಿ ಬಂದ ದೊಡ್ಡ ಅಪ್‌ಡೇಟ್‌ನಲ್ಲಿ ಮಂತ್ರಗಳನ್ನು ಮೆನು ತೆರೆಯದೆ ನೇರವಾಗಿ ಹಾಕುವ ದಾರಿ ಮಾಡಿದರು. ಎರಡೂ ಉಪಯೋಗಕ್ಕೆ ಬಂದವು. ಬುಡ ಮಾತ್ರ ಹಾಗೇ ಉಳಿಯಿತು.

ನಿಮ್ಮ ಗೆಳೆಯರ ವಾದ ನೋಡೋಣ. ‘ಎಲ್ಡನ್ ರಿಂಗ್’ನಲ್ಲಿ ಭಾರದ ಕತ್ತಿ ಎತ್ತಿದರೆ ಅದು ಕೆಳಗೆ ಬರುವವರೆಗೂ ನೀವು ಆ ಏಟಿಗೆ ಕಟ್ಟುಬಿದ್ದಿರಿ. ಪ್ರತಿ ಏಟಿಗೂ ದಮ್ಮು ಖರ್ಚಾಗುತ್ತದೆ. ಏಟು ಎಷ್ಟು ದೂರ ಹೋಗುತ್ತದೆ ಅಂತ ಚೆನ್ನಾಗಿ ಗೊತ್ತಿರುತ್ತದೆ. ಈ ನಂಬಿಕೆ ನಾಲ್ಕನೇ ಭಾಗದ ನಾಯಕಿ ಸಿರಿಯ ಕತ್ತಿಗೂ ಬೇಕು, ಒಪ್ಪುತ್ತೇನೆ. ಆದರೆ ಅಲ್ಲಿ ಕಲಿಯುವುದು ಸತ್ತು ಸತ್ತು. ಇಪ್ಪತ್ತು ಸಲ ಸತ್ತ ಮೇಲೆ ಎದುರಾಳಿಯ ತಾಳ ಕೈಗೆ ಹತ್ತುತ್ತದೆ. ವಿಚರ್ ಹಾಗಲ್ಲ. ತಿಳಿದುಕೊಂಡು ಬಂದು ಒಂದೇ ಸಲಕ್ಕೆ ಕೆಲಸ ಮುಗಿಸಬೇಕಾದವಳು ಸಿರಿ. ಅವಳ ಗೇಮ್‌ನಲ್ಲಿ ಸಾವಿಗಿಂತ ವಿಚಾರಣೆ ಜಾಸ್ತಿ ಕಲಿಸಬೇಕು.

ಎರಡನೇ ಗೆಳೆಯನಿಗೆ ಹೇಳಿ, ‘ಬಾಲ್ಡರ್ಸ್ ಗೇಟ್ 3’ ನನಗೂ ಪ್ರೀತಿಯ ಗೇಮ್. ಆದರೆ ಸರದಿಯ ಆಟ ಅಲ್ಲಿ ರುಚಿಸುವುದು ನಾಲ್ಕು ಜನ ಇರುವುದರಿಂದ. ಒಬ್ಬಳು ಎಣ್ಣೆ ಚೆಲ್ಲುತ್ತಾಳೆ, ಇನ್ನೊಬ್ಬ ಬೆಂಕಿ ಹಚ್ಚುತ್ತಾನೆ, ಮೂರನೆಯವ ಎತ್ತರದಿಂದ ಬಾಣ ಬಿಡುತ್ತಾನೆ. ಸಿರಿ ಒಂಟಿ. ಒಂಟಿಯಾದವಳಿಗೆ ಸರದಿ ಕಾಯುವ ಆಟ ಹೊಂದುವುದಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ನಾಲ್ಕನೇ ಭಾಗದ ಬಗ್ಗೆ ಗೊತ್ತಿರುವುದನ್ನೂ ಹೇಳಬೇಕು, ಅಲ್ವಾ. 2024ರ ಡಿಸೆಂಬರ್‌ನಲ್ಲಿ ‘ದಿ ಗೇಮ್ ಅವಾರ್ಡ್ಸ್’ ಸಮಾರಂಭದಲ್ಲಿ ಮೊದಲ ಟ್ರೈಲರ್ ಬಂತು. ಒಂದು ಹಳ್ಳಿ ಬಲಿ ಕೊಡಲು ಹೊರಟ ಹುಡುಗಿಯನ್ನು ಉಳಿಸಲು ಸಿರಿ ಬೌಕ್ ಎಂಬ ಪೀಡೆಯ ಜೊತೆ ಹೋರಾಡುತ್ತಾಳೆ. ಕೈಯಲ್ಲಿ ಸರಪಳಿ, ಅದರಲ್ಲಿ ಹರಿಯುವ ಮಂತ್ರ. ನನ್ನ ಕಣ್ಣು ನಿಂತಿದ್ದು ಮಾತ್ರ ಬೇರೆ ಕಡೆ. ಅವಳು ಮದ್ದು ಕುಡಿಯುತ್ತಾಳೆ. ಮೂರನೇ ಭಾಗದಲ್ಲಿ ಸಿರಿಯಾಗಿ ಆಡುವಾಗ ಮದ್ದಿರಲಿಲ್ಲ, ಗೆರಾಲ್ಟ್‌ನ ಮಂತ್ರಗಳೂ ಇರಲಿಲ್ಲ. ಹುಟ್ಟಿನಿಂದ ಬಂದ ಶಕ್ತಿಯಿಂದ ಕಣ್ಣು ಮುಚ್ಚಿ ತೆರೆಯುವುದರಲ್ಲಿ ಮಾಯವಾಗಿ ಬೇರೆ ಕಡೆ ಕಾಣಿಸುತ್ತಿದ್ದಳು. ವಿಚರ್‌ಗಳ ಮದ್ದು ಸಾಮಾನ್ಯ ಮನುಷ್ಯರಿಗೆ ವಿಷ. ಅವಳೀಗ ಅದನ್ನು ಕುಡಿಯಬಲ್ಲಳು, ಏಕೆಂದರೆ ವಿಚರ್‌ಗಳನ್ನು ಮಾಡುವ ಆ ಭಯಂಕರ ಪರೀಕ್ಷೆಯನ್ನು ಅವಳು ದಾಟಿದ್ದಾಳೆ. ಗೇಮ್ ಮಾಡುತ್ತಿರುವವರೇ ಇದನ್ನು ಹೇಳಿದ್ದಾರೆ. ಹೊಸಬಳು, ಇನ್ನೂ ಕಸುಬು ಕಲಿಯುತ್ತಿರುವವಳು. ತಯಾರಿಗೆ ಮತ್ತೆ ಬೆಲೆ ತರಲು ಇದಕ್ಕಿಂತ ಒಳ್ಳೆಯ ನಾಯಕಿ ಸಿಗಲಾರಳು.

ಆದರೆ ಆ ಟ್ರೈಲರ್ ಮೊದಲೇ ತಯಾರಿಸಿಟ್ಟ ಚಿತ್ರ. ಯಾರೂ ಕೈಯಲ್ಲಿ ಕಂಟ್ರೋಲರ್ ಹಿಡಿದು ಆಡಿದ್ದಲ್ಲ. 2025ರ ಜೂನ್‌ನಲ್ಲಿ ಗೇಮ್ ಕಟ್ಟಲು ಬಳಸುವ ಅನ್‌ರಿಯಲ್ ಎಂಜಿನ್ ಎಂಬ ಸಾಫ್ಟ್‌ವೇರ್‌ನ ಸಮಾರಂಭದಲ್ಲಿ ತೋರಿಸಿದ್ದೂ ತಂತ್ರಜ್ಞಾನದ ಪ್ರದರ್ಶನವೇ. ಕೊವಿರ್ ಎಂಬ ನಾಡಿನ ಬೆಟ್ಟ, ಕುದುರೆ ಸವಾರಿ, ಮುನ್ನೂರು ಜನ ಓಡಾಡುವ ಸಂತೆ. ಸರಪಳಿ ಬೀಸುವಾಗ ಕೈಗೆ ಹೇಗನ್ನಿಸುತ್ತದೆ ಅಂತ ಅದನ್ನು ನೋಡಿ ಹೇಳಲು ಆಗುವುದಿಲ್ಲ. ಒಂದು ವಿಷಯ ಮಾತ್ರ ಕಾದಾಟಕ್ಕೆ ನೇರ ಸಂಬಂಧಪಟ್ಟದ್ದು. ಸಾಮಾನ್ಯ ಪ್ಲೇಸ್ಟೇಷನ್ 5ರಲ್ಲಿ ಸೆಕೆಂಡಿಗೆ 60 ಫ್ರೇಮ್ ಓಡಿಸಿ ತೋರಿಸಿದರು. ಹಳೆಯ ಕನ್ಸೋಲ್‌ಗಳಲ್ಲಿ ಮೂರನೇ ಭಾಗ ಓಡಿದ್ದು 30ರಲ್ಲಿ. 30 ಫ್ರೇಮ್ ಇದ್ದಾಗ ಒಂದೊಂದು ಚಿತ್ರಕ್ಕೆ 33 ಮಿಲಿಸೆಕೆಂಡ್, 60 ಇದ್ದಾಗ ಸುಮಾರು 17. ಸರಿಯಾದ ಕ್ಷಣಕ್ಕೆ ಪಕ್ಕಕ್ಕೆ ಸರಿಯಬೇಕಾದವರಿಗೆ ಆ ವ್ಯತ್ಯಾಸ ಬೆರಳಿಗೇ ತಿಳಿಯುತ್ತದೆ. ಗೇಮ್ ಮುಗಿದು ಕೈಗೆ ಬರುವ ಹೊತ್ತಿಗೂ ಅದೇ ವೇಗ ಉಳಿಯಬೇಕು ಅನ್ನುವುದು ನನ್ನ ಆಸೆ.

ಆಸೆ ಅಂತಲೇ ಹೇಳುತ್ತೇನೆ. ವಿಚರ್ ಗೇಮ್ ಮಾಡುವ ಇದೇ ಸಿಡಿ ಪ್ರಾಜೆಕ್ಟ್ ರೆಡ್ ಕಂಪನಿ 2020ರ ಡಿಸೆಂಬರ್‌ನಲ್ಲಿ ‘ಸೈಬರ್‌ಪಂಕ್ 2077’ ಬಿಡುಗಡೆ ಮಾಡಿದಾಗ ಹಳೆಯ ಕನ್ಸೋಲ್‌ಗಳಲ್ಲಿ ಅದು ಎಷ್ಟು ಕೆಟ್ಟದಾಗಿ ಓಡಿತೆಂದರೆ ಸೋನಿ ತನ್ನ ಅಂಗಡಿಯಿಂದಲೇ ತೆಗೆದುಹಾಕಿತು. ಅದೇ ತಂಡ ಕೈಬಿಡದೆ ದುಡಿದು 2023ರಲ್ಲಿ 2.0 ಅಪ್‌ಡೇಟ್ ತಂದಿತು. ಕೌಶಲಗಳ ವ್ಯವಸ್ಥೆಯನ್ನೇ ಹೊಸದಾಗಿ ಕಟ್ಟಿತು. ಆಮೇಲೆ ಆ ಗೇಮ್‌ನ ಕಾದಾಟ ನಿಜಕ್ಕೂ ಚೆನ್ನಾಯಿತು. ತಪ್ಪನ್ನು ಬುಡದಿಂದ ತಿದ್ದುವುದು ಅವರಿಗೆ ಗೊತ್ತು. ನನ್ನ ಭರವಸೆ ಇರುವುದು ಅದರ ಮೇಲೆ.

ನನಗೆ ಬೇಕಾದದ್ದನ್ನು ಬೌಕ್‌ನಿಂದಲೇ ಹೇಳುತ್ತೇನೆ. ಅದು ಸೆರ್ಬಿಯಾದ ಜನಪದದಿಂದ ಬಂದ ಪ್ರಾಣಿ, ಕತ್ತಲಲ್ಲಿ ಅಡಗಿ ಕಾಯುತ್ತದೆ. ಅದರ ಹತ್ತಿರ ತಯಾರಾಗದೆ ಹೋದರೆ ನಾನು ಸೋಲಬೇಕು. ಊರಲ್ಲಿ ನಾಲ್ಕು ಜನರನ್ನು ಮಾತಾಡಿಸಿ, ಸರಿಯಾದ ಮದ್ದು ಕುಡಿದು ಹೋದರೆ ಅದೇ ಕಾದಾಟ ಬೇರೆಯಾಗಿಯೇ ಕಾಣಬೇಕು. ಬರೀ ಏಟಿನ ಸಂಖ್ಯೆ ಜಾಸ್ತಿಯಾದರೆ ಸಾಲದು. ಯರ್ಡೆನ್ ವೃತ್ತದಲ್ಲಿ ದೆವ್ವಕ್ಕೆ ಮೈ ಬಂದ ಹಾಗೆ, ಏನೋ ಒಂದು ಕಣ್ಣೆದುರೇ ಬದಲಾಗಬೇಕು.

ಇನ್ನು ಗ್ರಾಫಿಕ್ಸ್ ಕಾರ್ಡ್. ಈಗ ಬೇಡ. 2026 ಮುಗಿಯುವ ಮೊದಲು ಗೇಮ್ ಬರುವುದಿಲ್ಲ ಅಂತ ಕಂಪನಿಯೇ 2025ರಲ್ಲಿ ಹೇಳಿದೆ. ಯಾವ ಕಾರ್ಡ್ ಬೇಕು ಅನ್ನುವ ಪಟ್ಟಿ ಬರಲಿ. ಅಷ್ಟರಲ್ಲಿ ಕಾರ್ಡ್‌ಗಳ ಬೆಲೆಯೂ ಬದಲಾಗಿರುತ್ತದೆ. ಮುಂಗಡ ದುಡ್ಡನ್ನೂ ಕೊಡಬೇಡಿ, ಜನ ಆಡಿದ ಮೇಲೆ ನೋಡಿ ಕೊಳ್ಳಿ. ನಿಮ್ಮ ಮನೆಯವರು ಕಳಿಸಿದ ದುಡ್ಡು ಅದು.

ಪರೀಕ್ಷೆ ಮುಗಿದ ಮೇಲೆ ಒಂದು ಕೆಲಸ ಮಾಡಿ. ಮೂರನೇ ಭಾಗವನ್ನು ಮತ್ತೆ ತೆರೆಯಿರಿ, ‘ಡೆತ್ ಮಾರ್ಚ್’ ಆರಿಸಿಕೊಳ್ಳಿ, ಕ್ವೆನ್ ಮುಟ್ಟಬೇಡಿ. ಆ ಬಾವಿಯವರೆಗೆ ಆಡಿದರೆ ಸಾಕು, ಮೂರ್ನಾಲ್ಕು ಗಂಟೆಯ ಮಾತು. ಅಲ್ಲಿ ಏನಾಯಿತು ಅಂತ ನನಗೆ ಬರೆಯಿರಿ. ಆಗಲೂ ಬೇಸರವೇ ಬಂದರೆ ಆ ಪತ್ರವನ್ನೂ ಅಚ್ಚು ಹಾಕುತ್ತೇನೆ.

— ಸಂಪಾದಕ