ಕಡಲಿಗೆ ಬೆನ್ನು ಹಾಕಿ ಪೇಟೆಗೆ ನಡೆಯಿರಿ

ಕಳೆದ ಸಂಚಿಕೆಯಲ್ಲಿ ಬ್ರೆಜಿಲ್‌ನ ರಿಯೊ ಡಿ ಜನೈರೊ ನಗರದ ಕಡಲತೀರಗಳ ಬಗ್ಗೆ ಬರೆದಿದ್ದೆ. ಬಂದ ಪತ್ರಗಳಲ್ಲಿ ಕಡಲಿನ ವಿಚಾರ ಕೇಳಿದವರು ಒಬ್ಬರೂ ಇಲ್ಲ, ಎಲ್ಲರಿಗೂ ಅಂಗಡಿಯದೇ ಚಿಂತೆ. ನನಗೆ ಇದರಿಂದ ಸಂತೋಷವೇ ಆಯಿತು. ಮನೆಯವರ ಕೆಲಸದ ನಿಮಿತ್ತ ಆ ಊರಿನ ಬೊಟಾಫೊಗೊ ಬಡಾವಣೆಯಲ್ಲಿ ಕೆಲವು ವರ್ಷ ಸಂಸಾರ ಮಾಡಿ, ಸೊಪ್ಪಿನಿಂದ ಸೂಜಿದಾರದವರೆಗೆ ಎಲ್ಲವನ್ನೂ ಅಲ್ಲೇ ಕೊಂಡವಳು ನಾನು.

ಪ್ರಶ್ನೆ: ಮೇಡಂ, ನಮ್ಮ ಮಗ ರಿಯೊದಲ್ಲಿ ಕೆಲಸದಲ್ಲಿದ್ದಾನೆ. ನಾನು, ನಮ್ಮ ಯಜಮಾನರು ನವೆಂಬರಿನಲ್ಲಿ ಹೊರಟಿದ್ದೇವೆ. ಬರುವಾಗ ನಾದಿನಿಯರಿಗೆ, ವಾರಗಿತ್ತಿಯರಿಗೆ, ಶಾಲೆಯ ಹಳೆಯ ಗೆಳತಿಯರಿಗೆ ಏನಾದರೂ ತರಲೇಬೇಕು. "ಕೊಪಕಬಾನಾ ಕಡಲತೀರದಲ್ಲೇ ಎಲ್ಲ ಸಿಗುತ್ತದೆ, ಬಿಡಮ್ಮ" ಎನ್ನುತ್ತಾನೆ ಮಗ. ಹೌದೇ?
— ನಿವೃತ್ತ ಶಿಕ್ಷಕಿ, ದಾವಣಗೆರೆ

ಉತ್ತರ: ಸಿಗುತ್ತದೆ, ದುಡ್ಡು ಮಗನೇ ಕೊಡುವುದಾದರೆ! ರಿಯೊದಲ್ಲಿ ಬೆಲೆ ನಿಗದಿ ಮಾಡುವುದು ಮರಳು. ಮರಳಿನಿಂದ ಎಷ್ಟು ದೂರ ಹೋಗುತ್ತೀರೋ ಅಷ್ಟು ಅಗ್ಗ. ಶುಗರ್‌ಲೋಫ್ ಬೆಟ್ಟದ ರೋಪ್‌ವೇ ಬಳಿಯಲ್ಲಿ, ಕ್ರಿಸ್ತನ ಪ್ರತಿಮೆಯ ಬುಡದಲ್ಲಿ ಚೀಲ ಬಿಚ್ಚಲೇಬೇಡಿ.

ಮೆಟ್ರೊ ಹತ್ತಿ ಉರುಗ್ವಾಯಾನಾ ನಿಲ್ದಾಣದಲ್ಲಿ ಇಳಿಯಿರಿ. ಕೆಲವೇ ಹೆಜ್ಜೆಗಳಲ್ಲಿ 'ಸಾರಾ' ಎಂಬ ಪೇಟೆ ಇದೆ. ನಮ್ಮ ಚಿಕ್ಕಪೇಟೆಯನ್ನು ಕಂಡವರಿಗೆ ಅದನ್ನು ಬೇರೆ ವಿವರಿಸಬೇಕಿಲ್ಲ: ಇಕ್ಕಟ್ಟಿನ ಬೀದಿಗಳು, ಬಾಗಿಲಾಚೆಗೂ ಚಾಚಿದ ಸರಕು, ಒಂದು ಬೀದಿಯಲ್ಲಿ ಬಟ್ಟೆ, ಇನ್ನೊಂದರಲ್ಲಿ ಮಣಿ, ಮತ್ತೊಂದರಲ್ಲಿ ಆಟಿಕೆ. ಸಿರಿಯಾ, ಲೆಬನಾನ್‌ಗಳಿಂದ ಬಂದ ಅರಬ್ಬರು ಮತ್ತು ಯಹೂದಿಗಳು ಅಕ್ಕಪಕ್ಕದಲ್ಲಿ ಅಂಗಡಿ ಇಟ್ಟು ಬೆಳೆಸಿದ ಪೇಟೆ ಇದು. ಆಮೇಲೆ ಚೀನಾ, ಕೊರಿಯಾದವರೂ ಸೇರಿಕೊಂಡರು. ಸರ್ಕಾರ ದೊಡ್ಡ ರಸ್ತೆಯೊಂದನ್ನು ತರಲು ಇಡೀ ಬೀದಿಗಳನ್ನೇ ಕೆಡವಲು ಹೊರಟಾಗ ವ್ಯಾಪಾರಿಗಳೆಲ್ಲ ಒಗ್ಗಟ್ಟಾಗಿ 1962ರಲ್ಲಿ ಸಂಘ ಕಟ್ಟಿದರು. ಆ ಸಂಘದ ಹೆಸರಿನ ಮೊದಲ ಅಕ್ಷರಗಳೇ 'ಸಾರಾ'. ರಸ್ತೆ ಬರಲಿಲ್ಲ, ಪೇಟೆ ಉಳಿಯಿತು. ಬೀದಿ ಬೀದಿಗೂ ಧ್ವನಿವರ್ಧಕ ಕಟ್ಟಿ ಇವರದೇ ಒಂದು ರೇಡಿಯೊ ನಡೆಸುತ್ತಾರೆ. ಯಾವ ಅಂಗಡಿಯಲ್ಲಿ ಇವತ್ತು ಏನು ಅಗ್ಗ ಎಂಬುದನ್ನು ಹಗಲಿಡೀ ಕೂಗಿ ಹೇಳುವುದೇ ಅದರ ಕೆಲಸ. ಪೋರ್ಚುಗೀಸ್ ಬಾರದವರಿಗೆ ಅದು ಬರೀ ಗದ್ದಲ, ಬಂದವರಿಗೆ ಮನರಂಜನೆ.

ಇಲ್ಲಿ ಏನು ಕೊಳ್ಳಬೇಕು? ಮೊದಲನೆಯದು ಕಾಂಗಾ. ಅಲ್ಲಿಯ ಹೆಂಗಸರು ಮರಳಿನ ಮೇಲೆ ಹಾಸಿಕೊಳ್ಳುವ, ಏಳುವಾಗ ಸೊಂಟಕ್ಕೆ ಸುತ್ತಿಕೊಳ್ಳುವ ತೆಳುವಾದ ಬಟ್ಟೆ ಅದು. ಕೊಪಕಬಾನಾದ ಕಾಲುದಾರಿಯಲ್ಲಿ ಕಪ್ಪು ಬಿಳಿ ಕಲ್ಲು ಜೋಡಿಸಿ ಮಾಡಿದ ಅಲೆಗಳ ವಿನ್ಯಾಸವಿದೆಯಲ್ಲ, ಅದೇ ಅಚ್ಚಿನದನ್ನು ಆರಿಸಿ. ನಾದಿನಿಯರಿಗೆ ದುಪ್ಪಟ್ಟಾ ಆಗುತ್ತದೆ, ಒಲ್ಲದಿದ್ದರೆ ದಿವಾನಕ್ಕೆ ಹಾಸಿಗೆಬಟ್ಟೆ. ಮಡಿಸಿದರೆ ಕರವಸ್ತ್ರದಷ್ಟು ಜಾಗ ಸಾಕು.

ಎರಡನೆಯದು ರಬ್ಬರ್ ಚಪ್ಪಲಿ, ಹವಾಯಾನಾಸ್. ಜಪಾನಿನ ಹುಲ್ಲಿನ ಚಪ್ಪಲಿಯನ್ನು ನೋಡಿ 1962ರಲ್ಲಿ ಮಾಡಲು ಶುರುವಿಟ್ಟದ್ದು. ಪಾದವಿಡುವ ಕಡೆ ಅಕ್ಕಿಕಾಳಿನ ಗುರುತು ಈಗಲೂ ಇದೆ. ಅಲ್ಲಿ ಅದನ್ನು ಮನೆಗೆಲಸದವರೂ ತೊಡುತ್ತಾರೆ, ಮಂತ್ರಿಗಳೂ ತೊಡುತ್ತಾರೆ, ಸೂಪರ್ ಮಾರ್ಕೆಟ್ಟಿನಲ್ಲಿ ಬೇಳೆಯ ಪಕ್ಕದಲ್ಲೇ ನೇತು ಹಾಕಿರುತ್ತಾರೆ. ಆದರೆ ಬ್ರೆಜಿಲ್‌ನ ಅಳತೆ ಯುರೋಪಿನ ಅಳತೆಗಿಂತ ಎರಡು ಅಂಕಿ ಕಡಿಮೆ: ಅಲ್ಲಿನ 38 ಎಂದರೆ ಯುರೋಪಿನ 40. ನಂಬರಿನ ಗೋಜಲೇ ಬೇಡವೆಂದರೆ ಹೊರಡುವ ಮುನ್ನ ವಾರಗಿತ್ತಿಯರ ಪಾದವನ್ನು ಹಾಳೆಯ ಮೇಲಿಟ್ಟು ಗೆರೆ ಎಳೆದು, ಹೆಸರು ಬರೆದುಕೊಂಡು ಹೋಗಿ. ಅಂಗಡಿಯವರು ನಗುತ್ತಾರೆ, ನಗಲಿ.

ಮೂರನೆಯದು ಸಾಬೂನು. ಗ್ರನಾಡೊ ಎಂಬುದು 1870ರಲ್ಲಿ ಒಬ್ಬ ಪೋರ್ಚುಗೀಸ್ ವಲಸಿಗ ತೆರೆದ ಔಷಧದಂಗಡಿ. ಪೇಟೆಯಿಂದ ನಡೆದು ಹೋಗುವಷ್ಟು ದೂರದ ಪ್ರಿಮೇರೊ ದೆ ಮಾರ್ಸೊ ಬೀದಿಯಲ್ಲಿ ಅದರ ಹಳೆಯ ಮಳಿಗೆ ಇದೆ. ಆಗಿನ ಬ್ರೆಜಿಲ್ ಚಕ್ರವರ್ತಿ ಎರಡನೆಯ ಪೆದ್ರೊನ ಅರಮನೆಗೆ ಔಷಧ ಒದಗಿಸಿದ ಅಂಗಡಿ. ಒಳಗೆ ಹೋಗಿ, ಕಣ್ತುಂಬ ನೋಡಿ, ಮೂಸಿ, ಬರಿಗೈಯಲ್ಲಿ ಹೊರಗೆ ಬನ್ನಿ. ಇದೇ ಸಂಸ್ಥೆಯ ಫೀಬೊ ಗ್ಲಿಸರಿನ್ ಸಾಬೂನು ಸೂಪರ್ ಮಾರ್ಕೆಟ್ಟಿನಲ್ಲೇ ಸಿಗುತ್ತದೆ. ಕಪ್ಪಗಿನ, ಗುಲಾಬಿ ಪರಿಮಳದ ಬಿಲ್ಲೆಯನ್ನು ಕೇಳಿ ತೆಗೆದುಕೊಳ್ಳಿ. ಬೀರುವಿನಲ್ಲಿ ಸೀರೆಗಳ ನಡುವೆ ಇಟ್ಟವರೂ ಇದ್ದಾರೆ.

ಇನ್ನೂ ಹೆಸರುಗಳು ಉಳಿದರೆ ಬೊನ್ಫಿಮ್ ರಿಬ್ಬನ್ ಕೊಳ್ಳಿ. ಮೂಲದಲ್ಲಿ ಅದು ಸಾಲ್ವಡಾರ್ ನಗರದ ಚರ್ಚಿನದು, ರಿಯೊದಲ್ಲೂ ಕಟ್ಟುಗಟ್ಟಲೆ ಸಿಗುತ್ತದೆ. ಮಣಿಕಟ್ಟಿಗೆ ಮೂರು ಗಂಟು ಹಾಕಿ ಮೂರು ಹರಕೆ ಹೊತ್ತು, ತಾನಾಗಿ ಹರಿದು ಬೀಳುವವರೆಗೆ ಬಿಚ್ಚಬಾರದು. ಪಕ್ಕದ ಮನೆಯವರು, ಹಾಲಿನವರು, ಯಾರನ್ನೂ ಬಿಡದೆ ಕೊಡಬಹುದು.

ಒಂದು ಎಚ್ಚರಿಕೆ ಇದೆ. ಸಾರಾದಲ್ಲಿರುವ ಸರಕಿನಲ್ಲಿ ಚೀನಾದ್ದೇ ಬಹಳ. ತಿರುಗಿಸಿ ನೋಡದೆ ಕೊಂಡರೆ ದಾವಣಗೆರೆಯಲ್ಲೇ ಸಿಗುವುದನ್ನು ಅಷ್ಟು ದೂರದಿಂದ ಹೊತ್ತು ತರುತ್ತೀರಿ. ಶನಿವಾರ ಅರ್ಧ ದಿನಕ್ಕೇ ಬಾಗಿಲು ಎಳೆಯುತ್ತಾರೆ, ವಾರದ ದಿನ ಬೆಳಗ್ಗೆಯೇ ಹೋಗಿ. ಚೀಲ ಎದೆಗೆ ಅವುಚಿಕೊಂಡಿರಲಿ. ಅಂದ ಹಾಗೆ ಕಾಜಾಸ್ ಪೆದ್ರೊ ಎಂಬ ಅಂಗಡಿಯಲ್ಲಿ ಬೇಳೆಕಾಳು, ಸಾಂಬಾರ ಪದಾರ್ಥ ತೂಕದ ಮೇಲೆ ಕೊಡುತ್ತಾರೆ. ಮಗನ ಅಡುಗೆಮನೆಗೆ ಜೀರಿಗೆ, ಕೊತ್ತಂಬರಿ ಬೀಜ ತುಂಬಿಸಿಟ್ಟು ಬನ್ನಿ.

ಪ್ರಶ್ನೆ: ಅಲ್ಲಿ ನಮ್ಮ ಯುಪಿಐ ನಡೆಯುತ್ತದೆಯೇ? ಚೌಕಾಸಿ ಮಾಡಬಹುದೇ?
— ಹೆಸರು ಬೇಡ, ಹುಬ್ಬಳ್ಳಿ

ಉತ್ತರ: ಅವರಿಗೆ ಅವರದೇ 'ಪಿಕ್ಸ್' ಇದೆ. ಅಲ್ಲಿನ ಕೇಂದ್ರ ಬ್ಯಾಂಕ್ 2020ರ ನವೆಂಬರಿನಲ್ಲಿ ತಂದದ್ದು. ಕಡಲತೀರದಲ್ಲಿ ಹೆಗಲಿಗೆ ಎರಡು ಲೋಹದ ಪೀಪಾಯಿ ನೇತು ಹಾಕಿಕೊಂಡು, ಒಂದರಿಂದ 'ಮಾತೆ' ಎಂಬ ಎಲೆಯ ತಣ್ಣನೆಯ ಚಹಾ, ಇನ್ನೊಂದರಿಂದ ನಿಂಬೆ ಪಾನಕ ಬಗ್ಗಿಸುವವನೂ ಪಿಕ್ಸ್ ತೆಗೆದುಕೊಳ್ಳುತ್ತಾನೆ. ಆದರೆ ಅದಕ್ಕೆ ಅಲ್ಲಿನ ಬ್ಯಾಂಕ್ ಖಾತೆ ಬೇಕು. ಪ್ರವಾಸಿಗೆ ಕಾರ್ಡು, ಜೊತೆಗೆ ಚಿಲ್ಲರೆ ನೋಟು. ಕಾರ್ಡು ಉಜ್ಜುವಾಗ "ಸಿಪಿಎಫ್?" ಎಂದು ಕೇಳಿದರೆ ಗಾಬರಿ ಬೇಡ, ಅದು ಅವರ ತೆರಿಗೆ ಸಂಖ್ಯೆ. "ನಾವೊ" ಎಂದು ಬೇಡವೆನ್ನಿ.

ಚೌಕಾಸಿ ಮರಳಿನ ಮೇಲೆ ಧಾರಾಳವಾಗಿ, ಸಂತೆಯಲ್ಲಿ ಸ್ವಲ್ಪ, ಅಂಗಡಿಯಲ್ಲಿ ಇಲ್ಲ. ಅಂಗಡಿಯವನ ಬಳಿ ನಗದು ಕೊಟ್ಟರೆ ಕಡಿಮೆ ಮಾಡುತ್ತೀರಾ ಎಂದು ಕೇಳಿ. ಹಲವರು ಮಾಡುತ್ತಾರೆ.

ಪ್ರಶ್ನೆ: ನಮ್ಮ ಹಡಗು ರಿಯೊ ಬಂದರಿಗೆ ಬಂದಾಗ ಸಿಗುವುದು ಒಂದೇ ದಿನದ ರಜೆ, ಅದೂ ಭಾನುವಾರ ಬೀಳುವ ಹಾಗಿದೆ. ಅಮ್ಮನಿಗೆ ಏನು ತರಲಿ, ಎಲ್ಲಿಂದ?
— ಹಡಗಿನ ತರಬೇತಿ ನಾವಿಕ, ಮಂಗಳೂರು

ಉತ್ತರ: ಬಂದರಿನ ಪಕ್ಕದ ನಗರ ಕೇಂದ್ರ ಭಾನುವಾರ ಬಿಕೋ ಎನ್ನುತ್ತದೆ. ಅಲ್ಲಿ ಒಬ್ಬರೇ ಅಲೆಯಬೇಡಿ. ನೇರವಾಗಿ ಮೆಟ್ರೊದಲ್ಲಿ ಇಪನೆಮಾ ಬಡಾವಣೆಗೆ ಹೋಗಿ ಜನರಲ್ ಒಸೋರಿಯೊ ನಿಲ್ದಾಣದಲ್ಲಿ ಇಳಿಯಿರಿ. ಮೇಲೆ ಬಂದರೆ ಚೌಕದ ತುಂಬ 'ಹಿಪ್ಪಿ ಸಂತೆ'. 1968ರಲ್ಲಿ ಶುರುವಾದದ್ದು, ಈಗಲೂ ಪ್ರತಿ ಭಾನುವಾರ ನಡೆಯುತ್ತದೆ. ಮರಳು ಹತ್ತಿರವಿದ್ದರೂ ನಾನು ಒಪ್ಪುವ ಒಂದೇ ಜಾಗ ಇದು, ಏಕೆಂದರೆ ಎಷ್ಟೋ ಮಳಿಗೆಗಳಲ್ಲಿ ಮಾಡಿದವರೇ ಕೂತು ಮಾರುತ್ತಾರೆ. ಚರ್ಮದ ಚೀಲ, ಬೆಟ್ಟದ ಮೇಲಿನ ಫವೆಲಾ, ಅಂದರೆ ಬಡವರ ಕೇರಿಯ, ಮನೆಗಳ ಬಣ್ಣದ ಚಿತ್ರ, ಬೆಳ್ಳಿ ಓಲೆ ಎಲ್ಲ ಇರುತ್ತವೆ. ಮಧ್ಯಾಹ್ನದ ಬಿಸಿಲಿಗೆ ಮುಂಚೆ ಹೋಗಿ.

ನಿಮ್ಮ ಅಮ್ಮನಿಗೆ ಬಳಪದ ಕಲ್ಲಿನ ಪಾತ್ರೆ ನೋಡಿ. ಪಕ್ಕದ ಮಿನಾಸ್ ಜೆರೈಸ್ ರಾಜ್ಯದ ಗಣಿಗಳ ಕಲ್ಲು. 1931ರಲ್ಲಿ ಉದ್ಘಾಟನೆಯಾದ ಆ ದೊಡ್ಡ ಕ್ರಿಸ್ತನ ಮೈಗೆ ಹೊದಿಸಿರುವುದೂ ಬಳಪದ ಕಲ್ಲಿನ ಸಣ್ಣ ಸಣ್ಣ ತ್ರಿಕೋನ ಬಿಲ್ಲೆಗಳೇ. ಬೇಲೂರು, ಹಳೇಬೀಡು ಕಂಡವರಿಗೆ, ಕಲ್ಲಿನ ಮರಿಗೆಯಲ್ಲಿ ಹುಳಿ ಮಾಡಿದವರಿಗೆ ಆ ಕಲ್ಲಿನ ಪರಿಚಯ ಮಾಡಿಕೊಡಬೇಕಾಗಿಲ್ಲ. ಕಂಠಕ್ಕೆ ತಾಮ್ರದ ಪಟ್ಟಿ ಬಿಗಿದು, ತಾಮ್ರದ ಹಿಡಿಕೆ ಇಟ್ಟ ಪಾತ್ರೆಯನ್ನೇ ಆರಿಸಿ. ವಿಮಾನದವರಿಗೆ ತೂಕದ ಕಷ್ಟ, ನಿಮ್ಮದು ಹಡಗು. ಒಲೆಯ ಮೇಲಿಡುವ ಮುನ್ನ ಪಳಗಿಸಬೇಕು ಎಂದು ಅಮ್ಮನಿಗೆ ಹೇಳುವುದೇ ಬೇಡ, ಅವರೇ ನಿಮಗೆ ಹೇಳುತ್ತಾರೆ.

ಫುಟ್ಬಾಲ್ ಅಂಗಿ ಬೇಕೆಂದರೆ ಮಧ್ಯಾಹ್ನದ ಮೇಲೆ ಬೊಟಾಫೊಗೊದ ರಿಯೊ ಸುಲ್ ಮಾಲ್ ತೆರೆದಿರುತ್ತದೆ. ಬೀದಿಯಲ್ಲಿ ಸಿಗುವ ಅಂಗಿ ನಕಲಿ ಎಂಬುದು ಮಾರುವವನಿಗೂ ಗೊತ್ತು, ಕೊಳ್ಳುವವನಿಗೂ ಗೊತ್ತು. ಫ್ಲಮೆಂಗೊ ತಂಡದ ಕೆಂಪು ಕಪ್ಪು ಅಂಗಿಯನ್ನು ಮಂಗಳೂರಿನಲ್ಲಿ ತೊಡಿ. ಪಂದ್ಯದ ದಿನ ರಿಯೊದ ಬೀದಿಯಲ್ಲಿ ಬೇಡ.

ಪ್ರಶ್ನೆ: ಗೋಡಂಬಿ ಬ್ರೆಜಿಲ್‌ನಿಂದಲೇ ಬಂದದ್ದಂತೆ. ಅಲ್ಲಿಂದ ತಂದರೆ ರುಚಿ ಬೇರೆಯೇ? ತಿನ್ನುವ ವಸ್ತುಗಳಲ್ಲಿ ಇನ್ನೇನು ತರಬಹುದು?
— ಕೃಷಿಕರು, ಪುತ್ತೂರು

ಉತ್ತರ: ಗೋಡಂಬಿ ಸಂಶೋಧನಾ ನಿರ್ದೇಶನಾಲಯವನ್ನೇ ಊರಿನಲ್ಲಿ ಇಟ್ಟುಕೊಂಡವರು ಈ ಪ್ರಶ್ನೆ ಕೇಳಬಹುದೇ! ಗೇರುಮರ ಅಲ್ಲಿಯದೇ, ಹದಿನಾರನೆಯ ಶತಮಾನದಲ್ಲಿ ಪೋರ್ಚುಗೀಸರು ನಮ್ಮ ಕರಾವಳಿಗೆ ತಂದರು. ಬೀಜ ತರಬೇಡಿ, ನಿಮ್ಮದೇ ಚೆನ್ನಾಗಿದೆ. ತರಬೇಕಾದದ್ದು ಗೇರುಹಣ್ಣಿನದು. ನಾವು ಬಹುಪಾಲು ತೋಟದಲ್ಲೇ ಕೊಳೆಯಲು ಬಿಡುವ ಹಣ್ಣನ್ನು ಅವರು ಸಕ್ಕರೆ ಪಾಕದಲ್ಲಿ ಬೇಯಿಸಿ, ಒಣಗಿಸಿ, ಮಿಠಾಯಿ ಮಾಡಿ ಮಾರುತ್ತಾರೆ.

ಅದು ಸಿಗುವುದು ಸಾವೊ ಕ್ರಿಸ್ಟೋವಾವೊ ಸಂತೆಯಲ್ಲಿ. ಬರಗಾಲದ ಈಶಾನ್ಯ ಬ್ರೆಜಿಲ್‌ನಿಂದ ಲಾರಿಗಳಲ್ಲಿ ಕೂಲಿಗೆ ಬಂದಿಳಿದವರು 1945ರ ಸುಮಾರಿಗೆ ಅದೇ ಮೈದಾನದಲ್ಲಿ ಊರಿನ ಸಾಮಾನು ಹರವಿ ಕೂತದ್ದು ಅದರ ಆರಂಭ. 2003ರಿಂದ ದೊಡ್ಡ ಮಂಟಪದೊಳಗೆ ನಡೆಯುತ್ತಿದೆ. ಸೋಮವಾರ ಬಿಟ್ಟು ಹೋಗಿ. ಶನಿವಾರ ರಾತ್ರಿ ಹೋದರೆ ಅಕಾರ್ಡಿಯನ್ ಸದ್ದಿನಲ್ಲಿ ಬೆಲೆ ಕೇಳುವುದೇ ಕಷ್ಟ. ಅಲ್ಲಿ 'ರಪದೂರಾ' ಎಂದು ಅಚ್ಚು ಅಚ್ಚಾಗಿ ಪೇರಿಸಿಟ್ಟಿರುವುದು ಕಬ್ಬಿನ ಬೆಲ್ಲ, ಬೇರೇನೂ ಅಲ್ಲ. ಕಡಲೆಕಾಯಿ ಬೆಲ್ಲದ ಚಿಕ್ಕಿಯೂ ಇದೆ. ಇವೆರಡನ್ನೂ ನಾಲಿಗೆಗೆ ತಾಗಿಸಿ ನಗುತ್ತಾ ಮುಂದೆ ಹೋಗಿ, ಪುತ್ತೂರಿಗೆ ಹೊರಬೇಡಿ. ಸೀಬೆಹಣ್ಣನ್ನು ಗಟ್ಟಿಯಾಗಿ ಬೇಯಿಸಿ ಇಟ್ಟಿಗೆಯಂತೆ ಕತ್ತರಿಸಿದ 'ಗೊಯಾಬಾದಾ' ತನ್ನಿ, ಕೆಡುವುದಿಲ್ಲ. ಜೊತೆಗೆ ಒಂದು ನೇಯ್ದ ಹತ್ತಿಯ ತೂಗುಹಾಸಿಗೆ. ಅಡಿಕೆ ಅಂಗಳದ ಪಕ್ಕದ ಜಗಲಿಗೆ ಅದಕ್ಕಿಂತ ಒಳ್ಳೆಯ ಸಾಮಾನು ಆ ಊರಿನಲ್ಲಿಲ್ಲ. ಕೊಕ್ಕೆ ಹಾಕುವ ಗೋಡೆ ಗಟ್ಟಿ ಇರಲಿ.

ದಾರದ ಮೇಲೆ ಬಟ್ಟೆ ಒಣಹಾಕಿದಂತೆ ಇಳಿಬಿಟ್ಟ ಸಣ್ಣ ಪದ್ಯಪುಸ್ತಿಕೆಗಳನ್ನು ನೋಡಿದರೆ ಒಂದೆರಡು ತೆಗೆದುಕೊಳ್ಳಿ. ಅವು ಕೊರ್ದೆಲ್. ಮರದಚ್ಚಿನ ಮುಖಚಿತ್ರಕ್ಕೇ ಕೊಟ್ಟ ದುಡ್ಡು ಸಾರ್ಥಕ.

ಪ್ರಶ್ನೆ: ಬ್ರೆಜಿಲ್‌ನಲ್ಲಿ ಹರಳುಗಳು ಅಗ್ಗವಂತೆ. ಹೆಂಡತಿಗೆ ಪುಷ್ಯರಾಗ ಕೊಳ್ಳುವ ಆಸೆ.
— ಸಾಫ್ಟ್‌ವೇರ್ ಉದ್ಯೋಗಿ, ಬೆಂಗಳೂರು

ಉತ್ತರ: ಹಳದಿ ಹರಳೆಲ್ಲ ಪುಷ್ಯರಾಗವಲ್ಲ. ಅಲ್ಲಿ ಧಾರಾಳವಾಗಿ ಸಿಗುವ ಸಿಟ್ರಿನ್ ಬೇರೆ ಕಲ್ಲು, ಎಷ್ಟೋ ಬಾರಿ ಅದು ಬಿಸಿ ಮಾಡಿ ಬಣ್ಣ ತಿರುಗಿಸಿದ ಅಮೆಥಿಸ್ಟ್ ಎಂಬ ನೇರಳೆ ಹರಳು. ಮಿನಾಸ್ ಜೆರೈಸ್‌ನ ಒರೊ ಪ್ರೆಟೊ ಊರಿನ ಸುತ್ತ ಸಿಗುವ ಇಂಪೀರಿಯಲ್ ಟೋಪಾಜ್ ಹರಳು ಚಂದ, ಆದರೆ ಅಗ್ಗವಲ್ಲ. ನಮ್ಮ ಜ್ಯೋತಿಷಿಗಳು ಹೇಳುವ ಪುಷ್ಯರಾಗವೂ ಅದಲ್ಲ, ಅವರು ಹೇಳುವುದು ಹಳದಿ ನೀಲಮಣಿ ಜಾತಿಯದು. ಜರ್ಮನಿಯಿಂದ ಓಡಿಬಂದ ಯಹೂದಿ ಯುವಕ ಹಾನ್ಸ್ ಸ್ಟರ್ನ್ 1945ರಲ್ಲಿ ಶುರುಮಾಡಿದ ಎಚ್. ಸ್ಟರ್ನ್ ಮಳಿಗೆ ಇಪನೆಮಾದಲ್ಲಿದೆ. ಅಲ್ಲಿ ನೋಡಿ ಕಲಿಯಿರಿ, ಎಲ್ಲೇ ಕೊಂಡರೂ ಪ್ರಮಾಣಪತ್ರ, ರಸೀದಿ ಎರಡನ್ನೂ ಕೇಳಿ, ಬಂದಿಳಿದಾಗ ಕಸ್ಟಮ್ಸ್‌ನಲ್ಲಿ ತೋರಿಸಿ. ಟ್ಯಾಕ್ಸಿಯವನು ತಾನಾಗಿ ಕರೆದೊಯ್ಯುವ ಹರಳಂಗಡಿಗೆ ಮಾತ್ರ ಹೋಗಬೇಡಿ.

ಪ್ರಶ್ನೆ: ನಮ್ಮ ಅತ್ತೆಯ ಮನೆಯಲ್ಲಿ ಬಹಳ ಹಿಂದೆ ಯಾರೋ ತಂದುಕೊಟ್ಟ, ನೀಲಿ ಚಿಟ್ಟೆರೆಕ್ಕೆಯ ರಿಯೊ ತಟ್ಟೆಯೊಂದಿದೆ. ಅಂಥದೇ ಬೇಕು.
— ಓದುಗಿ, ಮೈಸೂರು

ಉತ್ತರ: ಬೇಡ. ಮಾರ್ಫೊ ಚಿಟ್ಟೆಯ ರೆಕ್ಕೆ ಕತ್ತರಿಸಿ ಅಂಟಿಸಿದ್ದು ಅದು. ಕಾಡುಜೀವಿಗಳ ವ್ಯಾಪಾರಕ್ಕೆ ಬ್ರೆಜಿಲ್ 1967ರಲ್ಲೇ ಕಾನೂನಿನ ಕಡಿವಾಣ ಹಾಕಿದೆ. ಗಿಳಿಯ ಗರಿ ಸಿಕ್ಕಿಸಿದ ಕಿರೀಟ, ಹವಳ, ಅಲ್ಲಿ ಜಕರಂಡಾ ಎನ್ನುವ ಬೀಟೆ ಜಾತಿಯ ಮರದ ಪೆಟ್ಟಿಗೆ ಇವುಗಳೂ ವಿಮಾನ ನಿಲ್ದಾಣದಲ್ಲಿ ತೊಂದರೆ ತರುತ್ತವೆ. ಅತ್ತೆಯವರ ತಟ್ಟೆಯನ್ನೇ ಒರೆಸಿಡಿ. ಹಳೆಯ ವಸ್ತುಗಳ ಮೋಹವಿದ್ದರೆ ತಿಂಗಳ ಮೊದಲ ಶನಿವಾರ ಲವ್ರಾಡಿಯೊ ಬೀದಿಯ ಸಂತೆಗೆ ಹೋಗಿ, ಪಿಂಗಾಣಿ, ಗಡಿಯಾರ, ಗ್ರಾಮಫೋನ್ ತಟ್ಟೆ ಎಷ್ಟು ಬೇಕಾದರೂ ಇವೆ.

ಪ್ರಶ್ನೆ: ಕಾಫಿಯ ದೇಶವಲ್ಲವೇ, ಒಳ್ಳೆಯ ಕಾಫಿ ಯಂತ್ರ ಅಗ್ಗಕ್ಕೆ ಸಿಕ್ಕೀತೇ?
— ಕಾಫಿಪ್ರಿಯ, ಸಕಲೇಶಪುರ

ಉತ್ತರ: ಯಂತ್ರ ಏನೂ ಅಗ್ಗವಲ್ಲ, ಆಮದು ತೆರಿಗೆ ಹಾಗಿದೆ. ಸಾಲದ್ದಕ್ಕೆ ರಿಯೊದ ವಿದ್ಯುತ್ತು 127 ವೋಲ್ಟ್. ನಮ್ಮ 230ಕ್ಕೆ ಸಿಕ್ಕಿಸಿದರೆ ಮೊದಲ ಲೋಟ ಇಳಿಯುವ ಮುಂಚೆಯೇ ಹೊಗೆ ಏಳುತ್ತದೆ. ಸಾರಾ ಪೇಟೆಯ ಪಾತ್ರೆ ಅಂಗಡಿಗಳಲ್ಲಿ ತಂತಿ ಬಳೆಗೆ ಹೊಲಿದ ಬಟ್ಟೆಯ ಸೋಸುಕ ಸಿಗುತ್ತದೆ, ಅಲ್ಲಿನ ಎಷ್ಟೋ ಮನೆಗಳಲ್ಲಿ ಕಾಫಿ ಸೋಸಲು ಬಳಸುವುದು ಅದನ್ನೇ. ಎರಡು ಕೊಳ್ಳಿ. ಸೋಪು ಹಾಕಿ ತೊಳೆಯಬೇಡಿ, ಬಿಸಿನೀರು ಸಾಕು.