ಎಣ್ಣೆಗಾಯಿಯ ಲೆಕ್ಕ ಎಲ್ಲಿ ತಪ್ಪುತ್ತದೆ?

ಪ್ರಶ್ನೆ: ನಮಸ್ಕಾರ ಅಕ್ಕ. ನನಗೆ 46 ವರ್ಷ. ತವರು ಧಾರವಾಡ, ಮದುವೆಯಾದಂದಿನಿಂದ ಚಿಂಚವಾಡದಲ್ಲಿದ್ದೇನೆ. ತೂಕ ಇಳಿಸಿ ಎಂದು ಡಾಕ್ಟರು ಹೇಳಿದ ಮೇಲೆ ಮಗಳು ಮೊಬೈಲಿಗೆ ಕ್ಯಾಲೊರಿ ಲೆಕ್ಕದ ಆ್ಯಪ್ ಹಾಕಿಕೊಟ್ಟಳು. ಎರಡು ತಿಂಗಳಿಂದ ತಿಂದದ್ದನ್ನೆಲ್ಲ ಬರೆಯುತ್ತಿದ್ದೇನೆ. ದಿನಕ್ಕೆ 1400 ದಾಟುವುದಿಲ್ಲ, ಆದರೂ ಅರ್ಧ ಕಿಲೋ ಕೂಡ ಇಳಿದಿಲ್ಲ. ಎಣ್ಣೆಗಾಯಿ ಎಂದು ಹುಡುಕಿದರೆ ಬಟ್ಟಲಿಗೆ 110 ಎಂದು ತೋರಿಸುತ್ತದೆ. ‘ಭರಲಿ ವಾಂಗಿ’ ಎಂದು ಹುಡುಕಿದರೆ 290. ಎರಡೂ ಹೆಚ್ಚುಕಡಿಮೆ ಒಂದೇ ಅಡುಗೆಯಲ್ಲವೇ? ಯಾವುದನ್ನು ನಂಬಲಿ? ಆರು ಜನರಿಗೆ ಒಂದೇ ಬಾಣಲೆಯಲ್ಲಿ ಮಾಡಿದ್ದರಲ್ಲಿ ನನ್ನ ಪಾಲನ್ನು ಹೇಗೆ ಲೆಕ್ಕ ಹಾಕಲಿ?

ಉತ್ತರ: ಎರಡನ್ನೂ ನಂಬಬೇಡಿ. ಹಲವು ಆ್ಯಪ್‌ಗಳಲ್ಲಿ ಅಡುಗೆಯ ಹೆಸರಿನ ಮುಂದಿರುವ ಅಂಕಿಯನ್ನು ತುಂಬಿದವರು ನಮ್ಮ ನಿಮ್ಮಂಥ ಬಳಕೆದಾರರೇ. ಅವರ ಬಟ್ಟಲು ಎಷ್ಟು ದೊಡ್ಡದು, ಶೇಂಗಾ ಎಷ್ಟು ಹಾಕಿದರು, ಎಣ್ಣೆಯ ಕೈ ಎಷ್ಟು ಧಾರಾಳ ಎಂಬುದು ಆ ಅಂಕಿಯಲ್ಲಿ ಕಾಣುವುದಿಲ್ಲ. ನಿಮ್ಮ ಬಾಣಲೆಯ ಲೆಕ್ಕ ನಿಮ್ಮ ಅಡುಗೆಮನೆಯಲ್ಲೇ ಆಗಬೇಕು.

ನಿಮ್ಮ ಪತ್ರ ಓದಿ, ಕಳೆದ ಭಾನುವಾರ ಕೋಥ್ರೂಡಿನ ನಮ್ಮ ಮನೆಯಲ್ಲಿ ಪ್ರತಿಯೊಂದನ್ನೂ ತೂಗಿ ಎಣ್ಣೆಗಾಯಿ ಮಾಡಿದೆ. ಮುಳ್ಳುಬದನೆ ಅರ್ಧ ಕಿಲೋ: ಸುಮಾರು 125 ಕ್ಯಾಲೊರಿ. ಹುರಿದ ಶೇಂಗಾ 100 ಗ್ರಾಂ: 560. ಒಣಕೊಬ್ಬರಿ 20 ಗ್ರಾಂ: 130. ಎಳ್ಳು 20 ಗ್ರಾಂ: 115. ಈರುಳ್ಳಿ, ಬೆಲ್ಲ, ಹುಣಸೆ, ಮಸಾಲೆ ಎಲ್ಲ ಸೇರಿ 155. ಎಣ್ಣೆಯನ್ನು ಚಮಚದಲ್ಲಿ ಅಳೆಯಲಿಲ್ಲ. ಎಣ್ಣೆಯ ಡಬ್ಬಿಯನ್ನೇ ತಕ್ಕಡಿಯ ಮೇಲಿಟ್ಟೆ: 912 ಗ್ರಾಂ. ಎಂದಿನಂತೆ ಹುಯ್ದು ಮತ್ತೆ ಇಟ್ಟೆ: 852. ಅಂದರೆ 60 ಗ್ರಾಂ ಎಣ್ಣೆ. ಗ್ರಾಂಗೆ 9ರಂತೆ ಅದೊಂದೇ 540.

ಒಟ್ಟು 1625 ಆಯಿತು. ಇದರಲ್ಲಿ ಬದನೆಕಾಯಿಯ ಪಾಲು ನೂರಕ್ಕೆ 8ರಷ್ಟೂ ಇಲ್ಲ. ಎಣ್ಣೆ, ಶೇಂಗಾ, ಕೊಬ್ಬರಿ, ಎಳ್ಳು ಸೇರಿದರೆ 80ನ್ನು ದಾಟುತ್ತದೆ. ಬದನೆಕಾಯಿ 50 ಗ್ರಾಂ ಹೆಚ್ಚಾದರೂ ಕಡಿಮೆಯಾದರೂ ಏನೂ ಕೆಡುವುದಿಲ್ಲ, ಎಣ್ಣೆ ಮಾತ್ರ ತಪ್ಪಬಾರದು. ನೀವು ‘ಎರಡು ಚಮಚ ಎಣ್ಣೆ’ ಎಂದು ಬರೆಯುತ್ತಿದ್ದರೆ ಗಮನಿಸಿ: ಟೀ ಚಮಚವೆಂದರೆ 5 ಮಿ.ಲೀ., ಎರಡಕ್ಕೆ 80 ಕ್ಯಾಲೊರಿ. ಊಟದ ದೊಡ್ಡ ಚಮಚವೆಂದರೆ 15 ಮಿ.ಲೀ., ಒಂದಕ್ಕೇ 120. ನಮ್ಮ ಎಣ್ಣೆ ಡಬ್ಬಿಯಲ್ಲಿರುವ ಸೌಟು ಈ ಎರಡರಲ್ಲಿ ಯಾವುದೂ ಅಲ್ಲ. ಅದಕ್ಕೇ ಡಬ್ಬಿಯನ್ನೇ ತೂಗಿ ಎನ್ನುತ್ತೇನೆ.

ಇನ್ನು ನಿಮ್ಮ ಪಾಲು. ಖಾಲಿ ಬಾಣಲೆಯ ತೂಕವನ್ನು ಮೊದಲೇ ಬರೆದಿಟ್ಟುಕೊಳ್ಳಿ. ನಮ್ಮ ಮನೆಯಲ್ಲಿ ಕುಕ್ಕರ್, ಬಾಣಲೆ, ದೊಡ್ಡ ಪಾತ್ರೆ ಎಲ್ಲದರ ತೂಕದ ಚೀಟಿಯನ್ನು ಕಪಾಟಿನ ಬಾಗಿಲಿನ ಒಳಬದಿಗೆ ಅಂಟಿಸಿದ್ದೇನೆ. ಅಡುಗೆ ಇಳಿಸಿದ ಮೇಲೆ ಬಾಣಲೆ ಸಮೇತ ತೂಗಿ, ಖಾಲಿ ತೂಕ ಕಳೆಯಿರಿ. ತಕ್ಕಡಿಯ ಮೇಲೆ ಮೊದಲು ಮರದ ಹಲಗೆ ಇಟ್ಟು ಸೊನ್ನೆ ಮಾಡಿಕೊಂಡರೆ ಬಿಸಿ ತಗಲುವುದಿಲ್ಲ. ನನ್ನ ಎಣ್ಣೆಗಾಯಿ 1150 ಗ್ರಾಂ ತೂಗಿತು. ಆ್ಯಪ್‌ನಲ್ಲಿ ‘ಹೊಸ ರೆಸಿಪಿ’ ತೆರೆದು ಹಸಿ ಪದಾರ್ಥಗಳನ್ನೆಲ್ಲ ಸೇರಿಸಿ, ‘ಎಷ್ಟು ಜನರಿಗೆ’ ಎಂದು ಕೇಳುವಲ್ಲಿ 6 ಎಂದು ಬರೆಯದೆ 1150 ಎಂದು ಬರೆಯಿರಿ. ಆಗ ಒಂದು ಪಾಲು ಎಂದರೆ ಒಂದು ಗ್ರಾಂ. ತಟ್ಟೆಗೆ 180 ಗ್ರಾಂ ಬಡಿಸಿಕೊಂಡರೆ 180 ಎಂದು ಹಾಕಿ. ಸುಮಾರು 254 ಬರುತ್ತದೆ. ಮಾವನವರು ಎರಡು ಸಲ ಹಾಕಿಸಿಕೊಂಡರೂ ನಿಮ್ಮ ಲೆಕ್ಕ ಕೆಡುವುದಿಲ್ಲ.

ಆದರೆ ಎಣ್ಣೆಗಾಯಿಯ ಎಣ್ಣೆ ಮೇಲೆ ತೇಲುತ್ತದೆ. ಬಡಿಸುವ ಮುನ್ನ ತಳದಿಂದ ಒಮ್ಮೆ ಕದಡಿ. ಇಲ್ಲದಿದ್ದರೆ ಮೊದಲು ಬಡಿಸಿಕೊಂಡವರ ತಟ್ಟೆಗೆ ಎಣ್ಣೆ, ಕೊನೆಯವರಿಗೆ ಬರೀ ಗೊಜ್ಜು.

ರೊಟ್ಟಿಗೆ ಇಷ್ಟು ಕಷ್ಟವಿಲ್ಲ. 300 ಗ್ರಾಂ ಜೋಳದ ಹಿಟ್ಟಿನಲ್ಲಿ ಐದು ರೊಟ್ಟಿ ಬಡಿದರೆ ಒಂದಕ್ಕೆ 60 ಗ್ರಾಂ ಹಿಟ್ಟು, ಸುಮಾರು 200 ಕ್ಯಾಲೊರಿ. ಖಡಕ್ ರೊಟ್ಟಿ ಕೈಗೆ ಹಗುರ, ಆದರೆ ಕಡಿಮೆಯಾದದ್ದು ನೀರು ಮಾತ್ರ. ರೊಟ್ಟಿಯನ್ನಲ್ಲ, ಹಿಟ್ಟನ್ನೇ ತೂಗಿ. ಅನ್ನದಲ್ಲಿ ತಪ್ಪು ಇನ್ನೂ ದೊಡ್ಡದಾಗುತ್ತದೆ: 100 ಗ್ರಾಂ ಅಕ್ಕಿಗೆ ಸುಮಾರು 350, ಅದೇ ತೂಕದ ಅನ್ನಕ್ಕೆ 130ರ ಆಸುಪಾಸು. ತೂಗಿದ್ದು ಅನ್ನ, ಆರಿಸಿದ್ದು ಅಕ್ಕಿ ಎಂದಾದರೆ ಲೆಕ್ಕ ಎರಡೂವರೆ ಪಟ್ಟು ಹಿಗ್ಗುತ್ತದೆ.

ಹಸಿ ಪದಾರ್ಥಗಳ ಅಂಕಿಗೆ ನಾನು ನೆಚ್ಚುವುದು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಹೊರತಂದ ಭಾರತೀಯ ಆಹಾರ ಸಂಯೋಜನೆಯ ಕೋಷ್ಟಕಗಳನ್ನು. 528 ಆಹಾರಗಳ ವಿವರ ಅದರಲ್ಲಿದೆ. ಶಕ್ತಿಯನ್ನು ಕಿಲೋಜೌಲ್‌ನಲ್ಲಿ ಕೊಟ್ಟಿದ್ದಾರೆ, 4.184ರಿಂದ ಭಾಗಿಸಿದರೆ ನಮ್ಮ ಕ್ಯಾಲೊರಿ ಸಿಗುತ್ತದೆ.

ದಿನವೂ ಹೀಗೆ ತೂಗುತ್ತ ಕೂರಬೇಕೆಂದು ನಾನು ಹೇಳುತ್ತಿಲ್ಲ. ಮನೆಯಲ್ಲಿ ಮರಳಿ ಮರಳಿ ಮಾಡುವುದು ಹತ್ತು ಹನ್ನೆರಡು ಅಡುಗೆ. ವಾರಕ್ಕೆ ಎರಡರಂತೆ ಉಳಿಸಿಟ್ಟರೆ ಒಂದೂವರೆ ತಿಂಗಳಲ್ಲಿ ನಿಮ್ಮದೇ ಪಟ್ಟಿ ಸಿದ್ಧ. ಆಮೇಲೆ ತೂಗಬೇಕಾದದ್ದು ಎಣ್ಣೆ ಮತ್ತು ನಿಮ್ಮ ತಟ್ಟೆ. ಪುಣೆಯ ತುಳಶೀಬಾಗ್ ಪೇಟೆಗೆ ಹೋದಾಗ 5 ಕಿಲೋವರೆಗೆ ತೂಗುವ, ಗ್ರಾಂ ತೋರಿಸುವ ತಕ್ಕಡಿಯೊಂದನ್ನು ತನ್ನಿ. ಲೆಕ್ಕ ಸರಿಯಾದ ಮೇಲೂ ತಿಂಗಳೊಳಗೆ ತೂಕ ಅಲ್ಲಾಡದಿದ್ದರೆ ಬರೆದದ್ದನ್ನು ಡಾಕ್ಟರಿಗೆ ತೋರಿಸಿ, ಥೈರಾಯ್ಡ್ ಪರೀಕ್ಷೆಯ ಬಗ್ಗೆ ಕೇಳಿ. ನೀವಾಗಿಯೇ ಊಟ ಇನ್ನಷ್ಟು ಕಡಿಮೆ ಮಾಡಬೇಡಿ, ದಯವಿಟ್ಟು.

ಪ್ರಶ್ನೆ: ಮಡಗಾಂವಿನಲ್ಲಿ ಅಂಗಡಿ ಇಟ್ಟುಕೊಂಡಿದ್ದೇನೆ. ದಿನಕ್ಕೆ ನಾಲ್ಕು ಲೋಟ ಚಹಾ ಬೇಕು. ‘ಹಾಲು’ ಎಂದು ಹುಡುಕಿದರೆ ಆ್ಯಪ್ ಹತ್ತಾರು ಅಂಕಿ ತೋರಿಸುತ್ತದೆ. ಯಾವುದನ್ನು ಆರಿಸಲಿ?

ಉತ್ತರ: ಪೊಟ್ಟಣದ ಮೇಲೆ ಏನು ಬರೆದಿದೆ ನೋಡಿ. ಫುಲ್ ಕ್ರೀಮ್ ಹಾಲಿನಲ್ಲಿ ಕೊಬ್ಬು ಶೇ 6, ಟೋನ್ಡ್‌ನಲ್ಲಿ ಶೇ 3, ಡಬಲ್ ಟೋನ್ಡ್‌ನಲ್ಲಿ ಶೇ 1.5. 100 ಮಿ.ಲೀ.ಗೆ ಕ್ರಮವಾಗಿ ಸುಮಾರು 87, 58, 46 ಕ್ಯಾಲೊರಿ. ಲೋಟಕ್ಕೆ 75 ಮಿ.ಲೀ. ಹಾಲೆಂದರೂ ನಾಲ್ಕು ಲೋಟಕ್ಕೆ ಫುಲ್ ಕ್ರೀಮ್‌ನಲ್ಲಿ 260, ಟೋನ್ಡ್‌ನಲ್ಲಿ 175. ಲೋಟಕ್ಕೆ ಎರಡು ಟೀ ಚಮಚ ಸಕ್ಕರೆ ಹಾಕುವವರಾದರೆ ಅದರದೇ 160 ಆಗುತ್ತದೆ, ಅದನ್ನು ಬರೆಯಲು ಮರೆಯಬೇಡಿ. ಪೊಟ್ಟಣದ ಮೇಲಿನ ಅಂಕಿಯನ್ನು ‘ನಮ್ಮನೆ ಹಾಲು’ ಎಂದು ಒಮ್ಮೆ ಸೇರಿಸಿಟ್ಟುಕೊಳ್ಳಿ. ಬೇರೆ ಹಾಲು ತಂದ ದಿನ ಅದನ್ನು ಬದಲಿಸಿ.